ಬಟ್ಟಲಿನಷ್ಟು ಹೊಟ್ಟೆ

ಮಗ್ಗದ ಕುಣಿಯಿಂದ ಬಸಲಿಂಗವ್ವನನ್ನು ಮೇಲೆತ್ತಲು ಆ ದಿನ ಮೂವರು ಬೇಕಾದರು. ಗಂಡ ಅಮಾತೆಪ್ಪ ಒಂದು ರಟ್ಟೆ ಹಿಡಿದ, ಮಗಳು ಸಂಗವ್ವ ಇನ್ನೊಂದು. ಕೂಗು ಕೇಳಿ ಓಡಿಬಂದ ಪಕ್ಕದ ಮನೆಯ ನೇಕಾರ ದಸ್ತಗೀರಸಾಬನಿಗೆ ಪರರ ಮನೆಯ ಹೆಣ್ಣುಮಗಳ ಮೈಗೆ ಕೈ ಹಚ್ಚುವುದು ಹೇಗೆಂದು ತಿಳಿಯಲಿಲ್ಲ. ಹೆಗಲ ಮೇಲಿನ ಟವೆಲನ್ನು ಅವಳ ಬೆನ್ನ ಹಿಂದಿನಿಂದ ಹಾಯಿಸಿ, ಎರಡೂ ತುದಿ ಹಿಡಿದು ಜಗ್ಗಿದ.

“ಗಾಬರಿ ಆಗಬ್ಯಾಡ್ರಿ ಅಕ್ಕಾರ. ನಮ್ಮ ಎಮ್ಮಿ ಹೊಂಡದಾಗ ಸಿಕ್ಕಾಗ ಇದಕ್ಕಿಂತ ಭಾಳ ತ್ರಾಸ ಆಗಿತ್ತು,” ಎಂದವನು ನಾಲಿಗೆ ಕಚ್ಚಿಕೊಂಡ.

ಮೊದಲು ನಕ್ಕವಳು ಬಸಲಿಂಗವ್ವನೇ. ಅವಳು ನಕ್ಕ ಮೇಲೆ ಉಳಿದವರೂ ನಕ್ಕರು. ಆದರೆ ತರಚಿದ ಮೊಣಕೈ ತೊಳೆದುಕೊಳ್ಳಲು ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಇಳಕಲ್ಲಿನ ಅವರ ಓಣಿಯಲ್ಲಿ ಹೆಂಗಸರು ನೂಲಿನ ಕಂಡಿಕೆ ಸುತ್ತುತ್ತಿದ್ದರು, ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಿದ್ದರು. ಕುಣಿಗಿಳಿದು ನೇಯುವವರು ಕಡಿಮೆ. ಬಸಲಿಂಗವ್ವನಿಗೆ ಅಪ್ಪ ಕಲಿಸಿದ್ದ. ಸೊಂಟದ ತನಕ ನೆಲದೊಳಗೆ ಕುಳಿತು ಅವಳು ಕಾಲಡಿಯ ಹಲಗೆ ತುಳಿಯತೊಡಗಿದರೆ, ನೀರು ತಾ, ಉಪ್ಪು ತಾ ಎಂದು ಮನೆಯಲ್ಲಿ ಯಾರೂ ಅವಳನ್ನು ಕೂಗುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ತನ್ನದು ಎನ್ನಲು ಅವಳಿಗಿದ್ದ ಜಾಗ ಅದೊಂದೇ. ಮೊಣಕಾಲು ನೋವೆಂದು ಎಂಟು ತಿಂಗಳಿಂದ ಇಳಿದಿರಲಿಲ್ಲ. ಇವತ್ತು ಇಳಿದರೆ, ಕುಣಿ ಅವಳನ್ನು ಸರಿಯಾಗಿ ಒಳಗೂ ಬಿಡಲಿಲ್ಲ, ಹೊರಗೂ ಬಿಡಲಿಲ್ಲ.

“ಒಂದ ಗೇಣ ಅಗಲ ಮಾಡಿಬಿಡ್ತೇನಿ,” ಎಂದ ಅಮಾತೆಪ್ಪ. “ನೆಲಾ ಅಗಿಯೂ ಹಾರಿ ತಗೊಂಡ ಕುಂತ್ರ ಒಂದ ದಿನದ ಕೆಲಸ.”

“ಬ್ಯಾಡ್ರಿ. ಈ ವರ್ಷ ಒಂದ ಗೇಣ, ಬರೂ ವರ್ಷ ಮತ್ತೊಂದ ಗೇಣ. ಕಡೀಕ ಮನಿ ತುಂಬ ಕುಣಿನ ಆಗ್ತೈತಿ. ಅದು ಇದ್ದಷ್ಟ ಇರಲಿ. ನಾ ಸಣ್ಣಾಗತೇನಿ.”

ಮರುವಾರ ಅವಳು ಬಾಗಲಕೋಟೆಯ ಬಸ್ಸು ಹತ್ತಿದಳು. ಇಬ್ಬರ ಸೀಟು ತುಂಬಿ ಕುಳಿತವಳನ್ನು ನೋಡಿ ಕಂಡಕ್ಟರ್, “ಒಂದ ತಿಕೀಟೋ, ಎರಡೋ?” ಎಂದ.

“ಈಗ ಒಂದ ಕೊಡಪಾ. ಬರೂ ವರ್ಷ ಅರ್ಧಾ ಕೊಡುವಂತಿ.”

ಹುನಗುಂದ ದಾಟಿ ಕಮತಗಿ ಬರುವವರೆಗೂ ಕಂಡಕ್ಟರ್ ಅವಳ ಕಡೆ ತಿರುಗಲಿಲ್ಲ.

ಅದು ಎಂಬತ್ಮೂರನೆಯ ಇಸವಿ. ಬಾಗಲಕೋಟೆಯ ಡಾಕ್ಟರ್ ಅಬೇದಾ ಮೂರು ವರ್ಷದಿಂದ ಅವಳ ಸಕ್ಕರೆ ಕಾಯಿಲೆಗೆ, ಮೊಣಕಾಲಿಗೆ, ಏದುಸಿರಿಗೆ ಔಷಧ ಕೊಡುತ್ತ ಬಂದವರು. ಪಥ್ಯ, ಸೋಮವಾರದ ಉಪವಾಸ, ಗುಳಿಗೆ ಎಲ್ಲ ಆಗಿತ್ತು. ನಾಲ್ಕು ಕಿಲೋ ಇಳಿದರೆ ಆರು ಏರುತ್ತಿತ್ತು. ಈಗ ನೂರಾ ಹನ್ನೆರಡು. ಅಬೇದಾ ಕಲಿತ ಮುಂಬಯಿಯ ಧರ್ಮಾರ್ಥ ದವಾಖಾನೆಯಲ್ಲಿ ಅವರ ಗುರುಗಳು ತೂಕ ಇಳಿಸುವ ಆಪರೇಶನ್ ಮಾಡುತ್ತಿದ್ದರು. ಹಿಂದೆ ಎರಡು ಸಲ ಆ ಮಾತು ಬಂದಾಗ ಬಸಲಿಂಗವ್ವ ಕೈ ಮುಗಿದು ಎದ್ದು ಬಂದಿದ್ದಳು. ಈ ಸಲ ತಾನೇ ಕೇಳಿದಳು.

ಅಬೇದಾ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. “ಎರಡ ನಮೂನಿ ಅದಾವ್ರಿ. ಒಂದನೇದ್ರಾಗ ಹೊಟ್ಟಿ ಮುಟ್ಟೂದಿಲ್ಲ. ಕರಳು ಕತ್ತರಿಸಿ, ಮ್ಯಾಲಿನ ತುಂಡು ತಂದು ಕೆಳಗಿನ ತುದಿಗೆ ಜೋಡಸ್ತಾರ. ನಡುವಿನ ಕರಳು ಸುಮ್ಮನ ಬಿದ್ದಿರ್ತೈತಿ.”

“ಕೊಂಡಿ ಹಾಕಿದ್ಹಂಗ.”

“ಹಾಂ, ಕೊಂಡಿನ. ನೀವು ಮೊದಲಿನಂಗ ಉಣ್ಣಬಹುದು, ಆದ್ರ ಉಂಡದ್ದು ಭಾಳಷ್ಟು ಮೈಗೆ ಹತ್ತೂದಿಲ್ಲ, ಹಂಗ ಹೊರಗ ಹೋಗ್ತೈತಿ. ದಿನಕ್ಕ ಆರ ಸಲ, ಎಂಟ ಸಲ ಹೊರಕಡಿಗೆ ಆಗ್ತೈತಿ. ನಿಶ್ಶಕ್ತಿ ಬರ್ತೈತಿ, ಮೂತ್ರಪಿಂಡದಾಗ ಕಲ್ಲ ಆಗಬಹುದು. ಜೀವ ಇರೂತನಾ ರಕ್ತ ತಪಾಸಣಿ. ನಮ್ಮ ಸರ್ ಈಗೀಗ ಇದನ್ನ ಕಡಿಮಿ ಮಾಡ್ಯಾರ.”

“ಇನ್ನೊಂದು?”

“ಹೊಟ್ಟಿಗೇ ಹೊಲಿಗಿ ಹಾಕೂದು. ಮ್ಯಾಲ ಒಂದ ಸಣ್ಣ ಬಟ್ಟಲದಷ್ಟ ಜಾಗಾ ಬಿಡ್ತಾರ, ಕೆಳಗ ಹೋಗಾಕ ಸಣ್ಣ ದಾರಿ. ನಾಕ ತುತ್ತಿಗೆ ತುಂಬತೈತಿ. ಐದನೇ ತುತ್ತು ನುಂಗಿದ್ರ ವಾಂತಿ. ಹಟ ಮಾಡಿ ದಿನಾ ಹೆಚ್ಚ ಉಂಡ್ರ ಆ ಬಟ್ಟಲಾನೂ ಹಿಗ್ಗತೈತಿ, ಹೊಲಿಗೀನೂ ಬಿಡಬಹುದು. ಅದು ನಿಮ್ಮ ಕೈಯಾಗ. ಎರಡರಾಗೂ ಜೀವಕ್ಕ ಧೋಕಾ ಐತಿ ಬಸಲಿಂಗವ್ವಾರ, ನಾ ಮುಚ್ಚಿಡೂದಿಲ್ಲ.”

ಹೋಗುವಾಗ ಒಂದು ನೋಟುಬುಕ್ಕು ಕೊಟ್ಟರು. ಒಂದು ತಿಂಗಳು ಉಂಡದ್ದನ್ನೆಲ್ಲ ಬರೆಯಬೇಕು, ಮುಂಬಯಿಗೆ ಹೋಗುವುದರೊಳಗೆ ಆರು ಕಿಲೋ ಇಳಿಸಬೇಕು, ಯಾವ ಆಪರೇಶನ್ ಎಂಬುದನ್ನು ತಾನೇ ವಿಚಾರ ಮಾಡಿ ಹೇಳಬೇಕು.

ಅಮಾತೆಪ್ಪನ ಮನಸ್ಸು ಮೊದಲನೆಯದರ ಮೇಲೇ ನಿಂತಿತು. “ಉಣ್ಣೂದು ಬಿಡಬೇಕಾಗಿಲ್ಲ ಅಂದಮ್ಯಾಲ ಅದ ಚಲೋ ಅಲ್ಲೇನು? ನಾಕ ತುತ್ತಿನ ಮ್ಯಾಲ ಮನಶ್ಯಾ ಹೆಂಗ ಬದುಕಬೇಕು?”

ಒಲೆಯ ಮುಂದೆ ಅತ್ತೆ ಸಿದ್ದಲಿಂಗವ್ವ ಒಬ್ಬಳೇ ಇದ್ದಾಗ ಬಸಲಿಂಗವ್ವ ತನ್ನ ಚಿಂತೆ ಹೇಳಿದಳು. “ದಿನಕ್ಕ ಎಂಟ ಸಲ ಅಂತ ಅತ್ತಿ. ಹಗಲ ಹೊತ್ತಿನ್ಯಾಗ ಚರಿಗಿ ಹಿಡಕೊಂಡು ಎಲ್ಲಿಗೆ ಹೋಗ್ಲಿ?”

ಅವರ ಓಣಿಯ ಹೆಂಗಸರು ಬಯಲಿಗೆ ಹೋಗುತ್ತಿದ್ದುದು ಬೆಳಕು ಹರಿಯುವ ಮೊದಲು, ಇಲ್ಲವೇ ಕತ್ತಲಾದ ಮೇಲೆ. ನಡುವೆ ಬಂದದ್ದನ್ನು ತಡೆದುಕೊಳ್ಳುವುದನ್ನು ಹುಡುಗಿಯರಿದ್ದಾಗಲೇ ಕಲಿತಿರುತ್ತಿದ್ದರು. ಮುದುಕಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಒಮ್ಮೆ ಹೊಟ್ಟಿ ಕೆಟ್ಟು, ಹೊತ್ತ ಮುಳುಗೂತನಾ ಬಾಯಿಗೆ ಸೆರಗ ಕಚ್ಚಕೊಂಡು ಕುಂತಿದ್ದೆ. ಅದನ್ನ ಜೀವಮಾನ ಪೂರ್ತಿ ಮಾಡಾಕ ಆಗೂದಿಲ್ಲ ಬಿಡು.” ಆಮೇಲೆ ಹುಬ್ಬು ಗಂಟಿಕ್ಕಿದಳು. “ಹಂಗಂತ ಇನ್ನೊಂದ ಮಾಡಿಸಿಕೊಂಡಿ ಅನ್ನು. ನಾಕ ತುತ್ತಿಗೆ ಹೊಟ್ಟಿ ತುಂಬಿದ್ರ ಗಂಗಾಳದಾಗ ಉಳಿದಿದ್ದು ಏನ ಮಾಡ್ತಿ? ಪ್ರಸಾದ ಚೆಲ್ತೀಯೇನು?”

ಆ ಮನೆಯಲ್ಲಿ ಅನ್ನದ ಅಗುಳು ಕೆಡುತ್ತಿರಲಿಲ್ಲ. ಲಿಂಗಪೂಜೆ ಮಾಡಿ ಊಟಕ್ಕೆ ಕುಳಿತರೆ ಊಟವೇ ಪ್ರಸಾದ. ಗಂಗಾಳಕ್ಕೆ ಬಿದ್ದದ್ದನ್ನು ಮುಗಿಸಿ, ನೀರು ಹಾಕಿ ಬೆರಳಿನಿಂದ ತಿಕ್ಕಿ, ಆ ನೀರನ್ನೂ ಕುಡಿಯಬೇಕು. ಸಿದ್ದಲಿಂಗವ್ವ ಈಗಲೂ ಹಾಗೇ ಮಾಡುತ್ತಿದ್ದಳು. ಗಂಡಸರಿಗೆ, ಸಂಗವ್ವನ ತಮ್ಮಂದಿರಿಗೆ ಅಷ್ಟು ವ್ಯವಧಾನವಿರಲಿಲ್ಲ, ಬಿಟ್ಟು ಏಳುತ್ತಿದ್ದರು. ಪ್ರಸಾದ ಮಾತ್ರ ಕೆಡುತ್ತಿರಲಿಲ್ಲ, ಏಕೆಂದರೆ ಕೊನೆಗೆ ಊಟಕ್ಕೆ ಕೂಡ್ರುವವಳು ಸೊಸೆ.

ತಿಂಗಳು ಕಳೆದ ಮೇಲೆ ಅಬೇದಾ ನೋಟುಬುಕ್ಕಿನ ಹಾಳೆ ತಿರುವಿದರು. ದಿನಕ್ಕೆ ನಾಲ್ಕು ರೊಟ್ಟಿ, ಪಲ್ಯ, ಒಂದು ಹಿಡಿ ಅನ್ನ. ತೂಕದ ಮುಳ್ಳು ಮಾತ್ರ ಒಂದು ಕಿಲೋ ಮೇಲೇ ಹೋಗಿತ್ತು.

“ಇಷ್ಟ ಉಂಡ್ರ ನೀವು ಇಳೀಬೇಕ್ರಿ. ಸುಳ್ಳ ಬರದೀರೇನು?”

“ಬಸವಣ್ಣನ ಆಣಿ, ಖರೆ ಬರದೇನ್ರಿ. ಹಾಕಿಕೊಂಡದ್ದೆಲ್ಲಾ ಬರದೇನಿ.”

“ಉಂಡ ಮ್ಯಾಲ ಏನ ಮಾಡ್ತೀರಿ?”

“ಗಂಗಾಳ ತೊಳೀತೇನ್ರಿ.”

“ತೊಳಿಯೂಕಿಂತ ಮೊದಲ?”

ಬಸಲಿಂಗವ್ವ ಬೆರಳು ಮಡಚಿ ಎಣಿಸಿದಳು. “ಹುಡುಗರು ಬಿಟ್ಟಿದ್ದು, ಗಡಿಗಿ ತಳದಾಗಿಂದು, ಇವರ ಗಂಗಾಳದಾಗಿನ ರೊಟ್ಟಿ... ಅದು ಊಟ ಅಲ್ರಿ ಅಕ್ಕಾರ. ಕೆಡಬಾರದಂತ ಬಾಯಿಗೆ ಹಾಕ್ಕೊಳ್ಳೂದು.”

ಅಬೇದಾ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. “ನಮ್ಮ ಅಮ್ಮಾನೂ ಅದ ಮಾಡ್ತಿದ್ಲು,” ಎಂದರು. “ಈ ಚಾಳಿ ಇಟಗೊಂಡು ಎರಡನೇ ಆಪರೇಶನ್‍ಗೆ ಹೋದ್ರ ಹೊಲಿಗಿ ತಡಿಯೂದಿಲ್ಲ. ಹಂಗಂದ್ರ ಒಂದನೇದ ಬರೀಲೇನು?”

ಬಸಲಿಂಗವ್ವ ಕಿಟಕಿಯ ಹೊರಗೆ ನೋಡಿದಳು. ಬಯಲಿನ ಮಾತು ಒಂದೇ ಅಲ್ಲ. ಎಷ್ಟೋ ರಾತ್ರಿ ಮಲಗಿದಲ್ಲೇ ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು.

“ಬ್ಯಾಡ್ರಿ. ಉಂಡದ್ದು ಮೈಗೆ ಹತ್ತದ ಹಂಗ ಹೋಗೂದು ಅಂದ್ರ, ಗಂಗಾಳದಾಗ ಕೆಡಿಸೂದು ಬಿಟ್ಟು ಹೊಟ್ಟಿಯೊಳಗ ಕೆಡಿಸಿದ್ಹಂಗ ಆತು. ನನ್ನ ಹೊಟ್ಟಿ ತಿಪ್ಪಿ ಅಲ್ರಿ. ಎರಡನೇದ ಬರೀರಿ. ಚಾಳಿ ನಾ ಬಿಡ್ತೇನಿ. ಮೂರ ತಿಂಗಳ ಟೈಮ ಕೊಡ್ರಿ.”

ಬಿಡುವುದು ಹೇಳಿದಷ್ಟು ಸುಲಭವಿರಲಿಲ್ಲ. ಈಗ ಸಂಗವ್ವ ಪಕ್ಕದಲ್ಲಿ ಕುಳಿತು, ತಾಯಿಯ ಬಾಯಿಗೆ ಹೋದದ್ದನ್ನೆಲ್ಲ ಬರೆಯತೊಡಗಿದಳು. ವಾರದ ಕೊನೆಗೆ ಓದಿದಾಗ, ಅವಳ ಊಟದ ಅರ್ಧ ಬೇರೆಯವರ ಗಂಗಾಳದ್ದೇ ಆಗಿತ್ತು.

“ಇದೂ ಪ್ರಸಾದನ ಏನವ್ವಾ, ಹಳಸಿದ ಬ್ಯಾಳಿ?” ಎಂದು ಮಗಳು ರೇಗಿಸಿದಳು.

ಜಗಳವಾದೀತೆಂದುಕೊಂಡೇ ಬಸಲಿಂಗವ್ವ ಅತ್ತೆಯ ಮುಂದೆ ಕುಳಿತಳು. ಸಿದ್ದಲಿಂಗವ್ವ ಬಹಳ ಹೊತ್ತು ಎಲೆ ಅಡಿಕೆ ಜಗಿದಳು.

“ಹಾಕಿಸಿಕೊಂಡು ಬಿಟ್ಟವರದು ಪಾಪ. ಅದನ್ನ ನೀ ಉಂಡಿ ಅಂದ್ರ ಅವರ ಪಾಪ ಹೋಗತೈತಿ ಅಂತ ಯಾವ ಶರಣರು ಹೇಳ್ಯಾರ? ನಾಳಿಂದ ಅವರವರ ಗಂಗಾಳ ಅವರವರ ಮುಗಿಸಲಿ. ನಾ ಕುಂತು ನೋಡ್ತೇನಿ.”

ಮರುದಿನದಿಂದ ಮುದುಕಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುಳಿತಳು. ಗಂಗಾಳ ತೊಳೆದು ಕುಡಿಯದೆ ಯಾರಿಗೂ ಹೊರಗೆ ದಾರಿಯಿರಲಿಲ್ಲ.

ಉಳಿದದ್ದು ಒಂದೇ, ಅಮಾತೆಪ್ಪನ ರೊಟ್ಟಿ. ಅವನು ದಿನವೂ ಅರ್ಧ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿ, ಕೆನೆಮೊಸರು ಹಾಕಿ ಗಂಗಾಳದ ಅಂಚಿಗೆ ಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ, ಕೊನೆಗೆ ಉಣ್ಣುವ ಸೊಸೆಗೆ ರೊಟ್ಟಿಬುಟ್ಟಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹದಿನೆಂಟರ ಹುಡುಗಿ ನೀರು ಕುಡಿದು ಮಲಗುವುದನ್ನು ಒಮ್ಮೆ ಕಂಡವನು, ಮರುದಿನ “ಹೊಟ್ಟಿ ತುಂಬೇತಿ” ಎಂದು ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದ. ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಆ ಮಾತನ್ನು ಇಬ್ಬರೂ ಒಮ್ಮೆಯೂ ಆಡಿರಲಿಲ್ಲ. ಅತ್ತೆಯ ಕಾವಲಿನಲ್ಲೂ ಆ ಅರ್ಧ ರೊಟ್ಟಿ ಮಾತ್ರ ಬಟ್ಟೆ ಮುಚ್ಚಿಕೊಂಡು ಉಳಿಯುತ್ತಿತ್ತು. ಅದನ್ನು ಅವಳು ಉಣ್ಣುತ್ತಲೂ ಇದ್ದಳು.

ಒಂದು ಮಧ್ಯಾಹ್ನ ಅವನು ಏಳುವ ಮೊದಲೇ ಹೇಳಿದಳು. “ಅದನ್ನೂ ಉಣ್ರಿ.”

“ಹೊಟ್ಟಿ ತುಂಬೇತಿ.”

“ಇಪ್ಪತ್ತೆರಡ ವರ್ಷದಿಂದ ಅದ ಸುಳ್ಳ ಹೇಳ್ತೀರಿ. ಈಗ ನಿಮ್ಮ ಹೆಂಡ್ತಿ ಹಸದಿಲ್ಲ. ನೀವು ಅದನ್ನ ಮುಗಿಸಿದ್ರ ನಾ ಕುಣಿಗೆ ಇಳೀತೇನಿ, ಬಿಟ್ರ ಇಲ್ಲ.”

ಅಮಾತೆಪ್ಪ ಎದ್ದು ಹೋದ. ರೊಟ್ಟಿ ಅಲ್ಲೇ ಇತ್ತು. ಬಸಲಿಂಗವ್ವ ಅದರ ಮುಂದೆ ಕುಳಿತಳು. ಕೈ ತಾನಾಗಿಯೇ ಮುಂದೆ ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಮಡಿಲಲ್ಲಿಟ್ಟುಕೊಂಡಳು. ಕೆನೆ ಒಣಗಿ ಗಟ್ಟಿಯಾಯಿತು. ಸಂಜೆ ಅದನ್ನು ದಸ್ತಗೀರಸಾಬನ ಎಮ್ಮೆಗೆ ಹಾಕಿ ಬಂದು ಗೋಡೆಗೆ ಮುಖ ಮಾಡಿ ಅತ್ತಳು. ಹಸಿವಿನಿಂದ ಅತ್ತಿದ್ದಲ್ಲವೆಂದು ಅವಳಿಗೆ ಗೊತ್ತಿತ್ತು.

ಆದರೆ ನಿಲ್ಲಿಸಲಿಲ್ಲ. ಮಗಳು ಕೂಸಾಗಿದ್ದಾಗಿನ ಹಿತ್ತಾಳೆಯ ಬಟ್ಟಲನ್ನು ಹುಣಸೆಹಣ್ಣಿನಿಂದ ಬೆಳಗಿ, ಅದನ್ನೇ ತನ್ನ ಗಂಗಾಳ ಮಾಡಿಕೊಂಡಳು. ಒಂದು ತುತ್ತನ್ನು ಮೂವತ್ತು ಸಲ ಅಗಿದಳು. ಬೆಳಿಗ್ಗೆ ಹುನಗುಂದದ ದಾರಿಯಲ್ಲಿ ಮೊದಲು ಒಂದು ಫರ್ಲಾಂಗು, ಆಮೇಲೆ ಎರಡು, ಆಮೇಲೆ ಮೈಲು ನಡೆದಳು. ಆಪರೇಶನ್ ಆದ ಮೇಲೆ ಮೂರು ತಿಂಗಳು ಕೊಡ ಎತ್ತುವ ಹಾಗಿಲ್ಲ, ಮಗ್ಗ ತುಳಿಯುವ ಹಾಗಿಲ್ಲವೆಂದು ಅಬೇದಾ ಹೇಳಿದ್ದರು. ನೀರಿನ ಪಾಳಿ ಸಂಗವ್ವನಿಗೆ, ರೊಟ್ಟಿ ಅತ್ತೆಗೆ ಎಂದು ಗೊತ್ತುಮಾಡಿದಳು. ಮೊದಲ ತಿಂಗಳಿಗೆ ಗಂಜಿ, ಸೋಸಿದ ಬೇಳೆಕಟ್ಟು, ಮಜ್ಜಿಗೆ. ಕೆಮ್ಮುವಾಗ ಹೊಲಿಗೆ ಬಿಡದಂತೆ ಹೊಟ್ಟೆಗೆ ತಲೆದಿಂಬು ಒತ್ತಿಹಿಡಿದು ಕೆಮ್ಮುವುದನ್ನೂ ಕಲಿತಳು.

“ಈಗಿಂದ ಯಾಕ ಕೆಮ್ಮಾಕತ್ತಿ? ಕ್ಷಯ ಬಂದೈತಿ ಅಂತ ಓಣಿ ಮಂದಿ ತಿಳಕೊಂಡಾರು,” ಎಂದು ಸಿದ್ದಲಿಂಗವ್ವ ನಕ್ಕಳು. ಎದೆಯ ಮೇಲಿನ ಲಿಂಗವನ್ನು ಆಪರೇಶನ್ ಹೊತ್ತಿಗೆ ತೋಳಿಗೆ ಕಟ್ಟಿಕೊಳ್ಳಲು ಹೊಸ ವಸ್ತ್ರ ಹೊಲಿದುಕೊಟ್ಟವಳೂ ಅವಳೇ.

ಮೂರನೆಯ ತಿಂಗಳ ಕೊನೆಗೆ ಅಬೇದಾ ಅವರ ತೂಕದ ಮುಳ್ಳು ನೂರಾ ಐದಕ್ಕೆ ನಿಂತಿತು. ಮುಂಬಯಿಯಿಂದ ತಾರೀಖು ಬಂತು.

ಹೊರಡುವ ದಿನ ಮಧ್ಯಾಹ್ನ ಮೂರರ ಬಸ್ಸು. ಬೇಗನೆ ಊಟಕ್ಕೆ ಕುಳಿತರು. ಬಸಲಿಂಗವ್ವ ಬಟ್ಟಲಿನಲ್ಲಿ ನಾಲ್ಕು ತುತ್ತು ನುಚ್ಚು ಮಜ್ಜಿಗೆ ಹಾಕಿಕೊಂಡಳು. ಎದುರಿಗೆ ಅಮಾತೆಪ್ಪ. ಆ ಜಗಳದ ದಿನದಿಂದ ಅವನು ಅರ್ಧ ರೊಟ್ಟಿ ಬಿಡುತ್ತಲೂ ಇರಲಿಲ್ಲ, ಹೆಂಡತಿಯ ಮುಂದೆ ಕುಳಿತು ಉಣ್ಣುತ್ತಲೂ ಇರಲಿಲ್ಲ. ಇವತ್ತು ಎದುರಿಗೇ ಕುಳಿತ. ಕೊನೆಯ ಅರ್ಧ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿದ, ಕೆನೆಮೊಸರು ಹಾಕಿದ. ಹಳೆಯ ರೂಢಿಯಂತೆ ಕೈ ಗಂಗಾಳದ ಅಂಚಿಗೆ ಹೋಗಿ ನಿಂತಿತು. ಅವಳು ನೋಡುತ್ತಲೇ ಇದ್ದಳು.

ಅವನು ಅದನ್ನು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದು ನುಂಗಿದ. ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ತಿಕ್ಕಿ, ಎತ್ತಿ ಕುಡಿದ. ಆಮೇಲೆ ಮಗ್ಗಿ ಒಪ್ಪಿಸಿದ ಹುಡುಗನ ಹಾಗೆ ಬರಿದಾದ ಗಂಗಾಳವನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದ.

“ಆತೇನು?”

“ಆತ್ರಿ.”

ಬಸಲಿಂಗವ್ವ ತನ್ನ ನಾಲ್ಕನೆಯ ತುತ್ತು ನುಂಗಿದಳು. ಬಟ್ಟಲು ತೊಳೆದು ಕುಡಿದು, ಅದನ್ನು ಮುಂಬಯಿಯ ಚೀಲದಲ್ಲಿ ಸೀರೆಗಳ ನಡುವೆ ಇಟ್ಟಳು. ಹೊಸ್ತಿಲು ದಾಟುವ ಮೊದಲು ಮಗ್ಗದ ಕೋಣೆಗೆ ಹೋಗಿ ಕುಣಿಯ ಅಂಚಿಗೆ ನಿಂತಳು.

“ಇದರ ಮ್ಯಾಲ ಹಲಗಿ ಮುಚ್ಚಿಡ್ರಿ, ಧೂಳ ಬಿದ್ದೀತು,” ಎಂದಳು ಗಂಡನಿಗೆ. “ಹಾರಿ ಮಾತ್ರ ಮುಟ್ಟಬ್ಯಾಡ್ರಿ.”