ಓಡಾಡುವ ಜೊಂಡು

"ಹಾಸಿದ್ದಾಯ್ತಲ್ಲ, ಇನ್ನು ಹೊರಗೆ ನಡೀರೇ ಮುಂಡೇವಾ. ಕೆಸರಿನ ನಾತ ಸಾಹೇಬರ ಮೂಗಿಗೆ ಹೊಡೀತದೆ," ಎಂದ ಧಣಿ.

ಗಿಡ್ಡಿ ಕೊನೆಯ ಚಾಪೆಯ ಮಡಿಕೆಯನ್ನು ಅಂಗೈಯಲ್ಲಿ ತೀಡುತ್ತಿದ್ದಳು. ಶಾಲೆಯ ಹಾಲ್ ತುಂಬ ಹಾಸಿದ ಚಾಪೆಗಳೆಲ್ಲ ಅವಳ ಕೇರಿಯವರೇ ಕೆರೆಯ ಜೊಂಡು ಕೊಯ್ದು, ಒಣಗಿಸಿ ಹೆಣೆದವು. ಅವುಗಳ ಮೇಲೆ ಕೂರುವ ಯೋಗ ಮಾತ್ರ ಅವರ ಹಣೆಯಲ್ಲಿ ಬರೆದಿರಲಿಲ್ಲ. ಆಳು ಗಿಡ್ಡ, ನಾಲಗೆ ಉದ್ದ ಎಂದು ಊರೇ ಆಡಿಕೊಳ್ಳುತ್ತಿದ್ದ ಹೆಂಗಸು ಅವಳು.

"ಸಭೆಗೆ ಎಲ್ಲಾರೂ ಬರ್ಬೇಕು ಅಂತ ಮೈಕಲ್ಲಿ ಕೂಗ್ಸಿದ್ರಲ್ಲ ಧಣಿ. ನಾವು ಎಲ್ಲಾರಲ್ಲಿ ಸೇರಲ್ವಾ?"

ಯೋಜನಾ ಕಚೇರಿಯ ಸಾಹೇಬ ನಕ್ಕ. "ಇರಲಿ, ಇರಲಿ. ಗೋಡೆ ಪಕ್ಕ ಕೂತ್ಕೊಳ್ಳಲಿ. ಫೋಟೋದಲ್ಲಿ ಜನ ಕಾಣ್ಬೇಕು."

ಹಾಗೆ ಜೊಂಡಿನ ಕೇರಿಯ ಮೂವತ್ತು ಜನ ಗೋಡೆಗೆ ಅಂಟಿಕೊಂಡರು. ಗಿಡ್ಡಿಯ ಅತ್ತೆಯಂತೂ ಬೀಗರ ಮನೆಗೆ ಬಂದವಳ ಹಾಗೆ ಸೆರಗು ಸರಿಮಾಡಿಕೊಂಡು ಕೂತಳು.

ಸಾಹೇಬ ಹಾಲ್ ನಡುವೆ ಚಾಪೆಗಳ ಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ನಕ್ಷೆ ಹರಡಿದ. ಮಳೆ ಹೆಚ್ಚಬಹುದು, ಕಮ್ಮಿಯಾಗಬಹುದು, ಇಪ್ಪತ್ತು ವರ್ಷದ ಮೇಲೆ ಈ ನೆಲ ಹೇಗಿರುತ್ತದೋ ಯಾರಿಗೂ ಗೊತ್ತಿಲ್ಲ, ಅದಕ್ಕೇ ಜನರೇ ಕೂತು ಯೋಜನೆ ಮಾಡಬೇಕು ಎಂದ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದು ಗಿಡ್ಡಿಯ ಭಾವ ಪಿಸುಗುಟ್ಟಿದ.

ನಕ್ಷೆಯಲ್ಲಿ ಕೆರೆ ನೀಲಿ, ಧಣಿಯ ತೋಟ ಹಸಿರು, ಧಣಿಯ ಮನೆ ಕೆಂಪು. ಕೆರೆಯ ಅಂಚು ಮಾತ್ರ ಬಿಳಿ.

"ಬಿಳೀದು ಏನು ಸಾರ್?" ಗಿಡ್ಡಿ ಕೇಳಿದಳು.

"ಖಾಲಿ ಜಾಗ. ಯಾರೂ ಬಳಸ್ತಿಲ್ಲ. ಬೇಲಿ ಹಾಕಿ ತೋಟಕ್ಕೆ ಸೇರಿಸ್ಬೋದು ಅಂತ ಯಜಮಾನರು ಸಲಹೆ ಕೊಟ್ಟಿದಾರೆ. ಇವತ್ತೇ ತೀರ್ಮಾನ."

ಬೇಲಿ ಬಿದ್ದರೆ ಜೊಂಡಿಲ್ಲ, ಜೊಂಡಿಲ್ಲದೆ ಚಾಪೆಯಿಲ್ಲ, ಕೇರಿಯಲ್ಲಿ ಒಲೆ ಹೊತ್ತುವುದಿಲ್ಲ.

"ಖಾಲಿ ಅಲ್ಲ ಸಾರ್. ನಾವಿಷ್ಟೂ ಜನ ಅಲ್ಲೇ ಸೊಂಟ ಮುರ್ಕೊಳ್ಳೋದು."

"ಹಾಗಾದ್ರೆ ಎಲ್ಲಿಂದ ಎಲ್ಲಿವರೆಗೆ ನಿಮ್ದು, ತೋರ್ಸಮ್ಮ."

ಇಲ್ಲೇ ಅವಳು ಸಿಕ್ಕಿಬಿದ್ದಳು. ಜೊಂಡಿನವರು ಗಡಿಕಲ್ಲು ನೆಟ್ಟವರಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಹಗ್ಗ ಹಿಡಿದು ಕೆರೆಗಿಳಿಯುತ್ತಾರೆ. ನೀರು ಮೊಣಕಾಲು ಮುಟ್ಟಿದಲ್ಲಿ ನಿಂತು ಅಲ್ಲಿಂದ ಪಾಲು ಅಳೆದುಕೊಳ್ಳುತ್ತಾರೆ. ನೀರು ಸರಿದರೆ ಜೊಂಡು ಸರಿಯುತ್ತದೆ, ಜೊಂಡಿನ ಹಿಂದೆ ಅವರೂ ಸರಿಯುತ್ತಾರೆ.

"ಒಂದ್ಕಡೆ ಇರಲ್ಲ ಸಾರ್ ಅದು. ನೀರು ಹೋದ್ಕಡೆ ನಾವು."

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ರಾ ಸಾಹೇಬ್ರೇ, ಕಾಲಿರೋ ಹೊಲ ಇವಳದು. ಒದ್ದು ಓಡ್ಸಿ ಬೋಳಿಮಕ್ಳನ್ನ."

"ಜಾಗ ಬದಲಾಗೋದನ್ನ ನಕ್ಷೇಲಿ ತೋರ್ಸಕ್ಕಾಗಲ್ಲಮ್ಮ," ಎಂದು ಸಾಹೇಬ ಪೆನ್ನಿನ ಮುಚ್ಚಳ ತೆಗೆದ.

"ಎಲ್ಲಾ ಬದಲಾಗ್ತದೆ ಅಂತ ಈಗ ತಾನೇ ನೀವೇ ಹೇಳಿದ್ರಿ. ತೋರ್ಸಕ್ಕಾಗಲ್ವಾ? ಇರಿ, ನಾನು ತೋರಿಸ್ತೀನಿ."

ಗಿಡ್ಡಿ ನೆಟ್ಟಗೆ ನಡೆದು ಹೋಗಿ ಬಿಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಇದು ಈ ವರ್ಷದ್ದು. ಭಾವ, ಹೋದ ವರ್ಷದ್ರಲ್ಲಿ ನೀವು ಕೂತ್ಕೊಳ್ಳಿ."

ಭಾವ ಗೇಣು ಆಚೆ ಕೂತ. ಮಳೆ ಕೈಕೊಟ್ಟ ವರ್ಷಕ್ಕೆಂದು ನಾದಿನಿ ಕೆರೆಯ ನಟ್ಟನಡುವೆ ಕೂತಳು. ಕೆರೆ ಉಕ್ಕಿದ ವರ್ಷ ಯಾರದು ಎಂದಾಗ, ಕೇರಿಯಲ್ಲೇ ದಪ್ಪಗಿದ್ದ ಚಿಕ್ಕಮ್ಮ ಎದ್ದು ಬಂದು ಧಣಿಯ ತೋಟದ ಮೇಲೆ ಕುಕ್ಕರಿಸಿದಳು. ಅರ್ಧ ತೋಟ ಅವಳ ಅಡಿ ಮುಚ್ಚಿಹೋಯಿತು. ಕಚೇರಿಯ ಜವಾನನೂ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.

"ಏಯ್, ನನ್ನ ತೋಟದ ಮೇಲಿಂದ ಏಳೇ ಕತ್ತೆ."

"ಪ್ಲಾಸ್ಟಿಕ್ಕು ತಾನೇ ಧಣಿ, ಸಸಿ ಮುರಿಯಲ್ಲ," ಎಂದಳು ಚಿಕ್ಕಮ್ಮ.

ಆಗ ಅತ್ತೆ ಎದ್ದಳು. ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಬಂದು ಕೆಂಪು ಚೌಕದ ಮುಂದೆ ನಿಂತಳು.

"ನಾನು ಮದುವೆಯಾಗಿ ಬಂದ ವರ್ಷ ನೀರು ಇಲ್ಲಿತ್ತು. ಮೊದಲ್ನೇ ಜೊಂಡು ಕೊಯ್ದಿದ್ದು ಇಲ್ಲೇ. ಆಮೇಲೆ ಈ ಧಣಿ ಅಪ್ಪ ಮಣ್ಣು ತುಂಬ್ಸಿ ಮನೆ ಕಟ್ಟಿದ. ಆ ಮಣ್ಣು ಹೊತ್ತೋಳೂ ನಾನೇ."

ಧಣಿ ಸಾಹೇಬನ ಮುಖ ನೋಡಿದ, ಸಾಹೇಬ ನಕ್ಷೆ ನೋಡಿದ.

ಅತ್ತೆ ಧಣಿಯ ಮನೆಯ ಮೇಲೆ ಕೂತು, ಎರಡೂ ಕಾಲು ಆರಾಮಾಗಿ ಚಾಚಿದಳು.

"ಬರ್ಕೊಳ್ಳಿ ಸಾಹೇಬ್ರೇ. ನೀವು ಬರ್ಕೊಳ್ಳೋವರ್ಗೂ ನಾನು ಏಳಲ್ಲ."