ಬಿಳಿಯಪ್ಪ ಕೊಡವಿದ ನಕ್ಷತ್ರಗಳು

ಕಲ್ಲುಗಣಿಯ ಪಕ್ಕದ ಮನೆಗಳಲ್ಲಿ ಸಂಜೆಯೆಂದರೆ ಕನಸಿನ ಹಾಗೆ. ಎಲೆ, ಹೆಂಚು, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ತೆಳ್ಳನೆಯ ಬಿಳುಪು. ಆ ಬಿಳುಪಿನೊಳಗಿಂದಲೇ ಅವನು ನಡೆದು ಬರುತ್ತಿದ್ದ. ಯಂತ್ರದಿಂದ ಬಂಡೆ ಕೊರೆಯುವವನು. ಕಣ್ಣೆವೆಯವರೆಗೂ ಬೆಳ್ಳಗಾಗಿರುತ್ತಿದ್ದ ಅವನನ್ನು ಎಲ್ಲರೂ ಬಿಳಿಯಪ್ಪ ಅಂತಲೇ ಕರೆಯುತ್ತಿದ್ದರು.

ಬಂದವನೇ ಅಂಗಿ ಬಿಚ್ಚಿ ಹೊಸ್ತಿಲಲ್ಲಿ ಪಟಪಟ ಕೊಡವುತ್ತಿದ್ದ. ಧೂಳು ಬಿಸಿಲುಕೋಲಿನಲ್ಲಿ ಮಿನುಗುತ್ತಿತ್ತು. ನಾಲ್ಕು ವರ್ಷದ ಮಗಳು ಅದರೊಳಗೆ ಗಿರಗಿರ ಸುತ್ತುತ್ತಿದ್ದಳು.

"ಅಪ್ಪಾ, ಇನ್ನೊಂದ್ಸಲ! ನಕ್ಷತ್ರ!"

ಇಡೀ ದಿನದಲ್ಲಿ ಅವನಿಗೆ ಅದೇ ಸುಖದ ಗಳಿಗೆ.

ಗಣಿಗೆ ಒಂದು ದಿನವೂ ಕಾಲಿಡದ ಹೆಂಡತಿಗೆ ಕೆಮ್ಮು ಹತ್ತಿ ತಿಂಗಳಾಗಿತ್ತು. ಅವಳನ್ನು ನೋಡಲು ಬಂದಿದ್ದ ಆರೋಗ್ಯ ಕಾರ್ಯಕರ್ತೆ ಅಂದಿನ ಕೊಡವುವಿಕೆಯನ್ನೂ ನೋಡಿದರು.

"ಅಣ್ಣಾ, ಕೊರೆಯುವಾಗ ಕಲ್ಲಿಗೆ ನೀರು ಬಿಡ್ತೀರಾ?"

"ನೀರು ಬಿಟ್ರೆ ಎಲ್ಲಾ ಕೆಸರು, ಅಕ್ಕ. ಮೂಗಿಗೆ ಟವೆಲ್ ಕಟ್ಕೋತೀನಲ್ಲ."

"ಸಣ್ಣ ಧೂಳು ಟವೆಲ್ ದಾಟುತ್ತೆ. ಶ್ವಾಸಕೋಶದಲ್ಲಿ ಕೂತು ಗಾಯ ಮಾಡಿದ್ರೆ, ಅದನ್ನ ವಾಸಿ ಮಾಡೋ ಔಷಧಿನೇ ಇಲ್ಲ."

"ಇಪ್ಪತ್ತು ವರ್ಷದಿಂದ ತಿಂತಿದೀನಿ. ನನ್ನೆದೆ ಬಂಡೆ, ಬಿಡಿ."

"ಬಂಡೆಗೇ ತಾನೇ ನೀವು ತೂತು ಹೊಡೆಯೋದು?" ಎಂದಳು ಹೆಂಡತಿ, ಕೆಮ್ಮಿನ ನಡುವೆಯೇ.

ಕಾರ್ಯಕರ್ತೆ ನಕ್ಕರು. "ಆಗಲೇ ಕೊಡವಿದ್ರಲ್ಲ, ಆ ಧೂಳು ಕೆಳಗಿಳೀತಾ ನೋಡಿ."

ಅವನು ತಿರುಗಿದ. ಕೊಡವಿದ್ದು ಹೋಯಿತು ಎಂದೇ ಇಷ್ಟು ವರ್ಷ ತಿಳಿದಿದ್ದ. ಬಿಸಿಲುಕೋಲು ಇನ್ನೂ ಮಿನುಗುತ್ತಿತ್ತು. ಅದರ ನಡುವೆ ಬಾಯಿ ತೆರೆದು ನಗುತ್ತಿದ್ದ ಮಗಳು. ಅವಳು ಉಸಿರೆಳೆದಾಗಲೆಲ್ಲ ನಾಲ್ಕಾರು ನಕ್ಷತ್ರಗಳು ಮೆಲ್ಲಗೆ ಅವಳ ಬಾಯಿಯತ್ತ ಜಾರುತ್ತಿದ್ದವು.

ಬಿಳಿಯಪ್ಪ ಮಗುವನ್ನು ಬಾಚಿ ಎತ್ತಿಕೊಂಡು ಹೊರಗೆ ನಡೆದುಬಿಟ್ಟ.

ಮರುದಿನ ಗಂಡಹೆಂಡತಿ ಇಬ್ಬರೂ ಎಕ್ಸ್‌ರೇ ತೆಗೆಸಿಕೊಂಡರು. ಅದರ ಮಾರನೆ ದಿನ ಗಣಿಯವರೆಲ್ಲ ಕೂಡಿ ಮೇಸ್ತ್ರಿಯನ್ನು ಕೇಳಿ ನೀರಿನ ಪೈಪನ್ನೂ ಧೂಳು ತಡೆಯುವ ಮಾಸ್ಕನ್ನೂ ತರಿಸಿದರು. ಆ ವಾರದ ಕೊನೆಗೊಂದು ಸಂಜೆ ಅವನು ಗಣಿಯಲ್ಲೇ ಮೈ ತೊಳೆದು, ಬೇರೆ ಅಂಗಿ ತೊಟ್ಟು ಮನೆಗೆ ಬಂದ.

ಮಗಳು ಓಡಿ ಹೋಗಿ ಸೆರಗಿನ ಹಿಂದೆ ಅಡಗಿದಳು. "ಅಮ್ಮಾ, ಯಾರೋ ಬಂದವ್ರೆ!"

"ನಾನೇ ಕಣೇ, ನಿಮ್ಮಪ್ಪ!"

ಹುಟ್ಟಿದಾಗಿನಿಂದ ಆ ಹೊತ್ತಿನಲ್ಲಿ ಅವಳು ಅಪ್ಪನ ನಿಜವಾದ ಬಣ್ಣ ಕಂಡವಳೇ ಅಲ್ಲ.

ಗಣಿ ಕೆಲಸದ ಅಣ್ಣಂದಿರೇ, ಅಕ್ಕಂದಿರೇ, ಕಲ್ಲಿಗೆ ನೀರು ಬಿಟ್ಟೇ ಕೊರೆಯಿರಿ. ಮಾಸ್ಕ್ ಕೇಳಿ ಪಡೆಯಿರಿ. ಎರಡು ವಾರ ದಾಟಿದ ಕೆಮ್ಮನ್ನು ಆಸ್ಪತ್ರೆಯಲ್ಲಿ ತೋರಿಸಿ. ಧೂಳಿನ ಅಂಗಿಯನ್ನು ಕೊಡವಬೇಡಿ, ನೀರಿನಲ್ಲಿ ನೆನೆಸಿ. ನಿಮ್ಮ ಮಕ್ಕಳು ನಿಮ್ಮ ಮುಖ ನೋಡಲಿ.