ಪಾಳಿಯ ಕಳ್ಳ

ನಾನು ಒಂದು ಕಟಕಟೆ. ನನ್ನದು ಸಾಗವಾನಿ ಮೈ, ಎದೆಯೆತ್ತರ. ಜೈಲಿನ ಬಡಗಿಖಾನೆಯಲ್ಲಿ ಒಬ್ಬ ಜೀವಾವಧಿ ಕೈದಿ ನನ್ನನ್ನು ಮಾಡಿದ. ಕೆಲಸ ಮುಗಿಸಿ ನನ್ನ ಮೇಲೆ ಕೈಯಾಡಿಸುತ್ತಾ, "ನುಣ್ಣಗ ಆಗೇತಿ. ನಿಂತವ್ರ ಕೈಗೆ ಸಿಬರು ಚುಚ್ಚಬಾರ್ದು" ಎಂದ. ನಿಂತವರ ಬಗ್ಗೆ ಅಂಥ ಮಾತನ್ನು ಆಮೇಲೆ ನಾನು ಕೇಳಿದ್ದು ಕಡಿಮೆ.

ಬಯಲುಸೀಮೆಯ ಒಂದು ತಾಲ್ಲೂಕು ಕೋರ್ಟಿಗೆ ನನ್ನನ್ನು ತಂದು ನಿಲ್ಲಿಸಿದರು. ಜನರನ್ನು ನಾನು ಗುರುತಿಸುವುದು ಪಾದದಿಂದ. ಬೂಟಿನವರು ಬರುವುದೇ ಅಪರೂಪ. ಬಂದರೂ ಜಾಮೀನು ಪಡೆದು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದರು. ಮತ್ತೆ ಮತ್ತೆ ಬರುತ್ತಿದ್ದುದು ಬಿರುಕುಬಿಟ್ಟ ಬರಿಗಾಲುಗಳು. ಅವುಗಳಲ್ಲಿ ಹೆಚ್ಚಿನವು ಊರಾಚೆಯ ಗುಡಾರ ಓಣಿಯವು.

ಆ ಓಣಿಯವರು ಹುಟ್ಟು ಕಳ್ಳರೆಂದು ಹಿಂದೆ ಯಾವುದೋ ಸರ್ಕಾರ ಬರೆದಿಟ್ಟಿತ್ತಂತೆ. ಆ ಸರ್ಕಾರ ಹೋಯಿತು, ಹೆಸರು ಹೋಗಲಿಲ್ಲ. ಊರಲ್ಲಿ ಒಂದು ಚೊಂಬು ಕಾಣೆಯಾದರೂ ಪೊಲೀಸ್ ಜೀಪು ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ಗಂಡಸರನ್ನೆಲ್ಲ ಎಳೆದು ತಂದು ಚಚ್ಚುತ್ತಿದ್ದರು. ಸಾಕಾಗಿ ಹೋದ ಹಿರಿಯರು ಒಂದು ಪಾಳಿ ಕಟ್ಟಿದರು. ಕದ್ದವರು ಯಾರೇ ಇರಲಿ, ಪಾಳಿ ಬಂದ ಮನೆಯವನು ಠಾಣೆಗೆ ಹೋಗಿ ಒಪ್ಪಿಕೊಳ್ಳಬೇಕು. ಉಳಿದವರು ಕೂಲಿಗೆ ಹೋಗಿ ಅವನ ಮನೆಗೂ ರೊಟ್ಟಿ ಕೊಡಬೇಕು. ಪೊಲೀಸರಿಗೂ ಇದು ಒಗ್ಗಿಹೋಗಿತ್ತು. ಅವರೇನು ಬೇಡ ಅಂತಾರೆಯೇ?

ಆ ಓಣಿಯ ಪರಸಪ್ಪನ ಅಜ್ಜ ನನ್ನೊಳಗೆ ನಿಂತಿದ್ದ, ಅಪ್ಪ ನಿಂತಿದ್ದ. ಪರಸಪ್ಪನೂ ಒಂದು ಪಾಳಿ ಮುಗಿಸಿ ಮೂರು ತಿಂಗಳು ಜೈಲಲ್ಲಿದ್ದು ಬಂದ. ಬಂದ ವಾರದಲ್ಲೇ ಅವನಿಗೆ ಪುರಸಭೆಯಲ್ಲಿ ನಲ್ಲಿಗೆ ನೀರು ಬಿಡುವ ಕೆಲಸ ಸಿಕ್ಕಿತು; ಜೈಲಿನ ಸುದ್ದಿಯನ್ನು ಅಲ್ಲಿ ಯಾರೂ ಕೇಳಲಿಲ್ಲ. ಓಣಿಯವರಲ್ಲಿ ಸರ್ಕಾರಿ ಕೆಲಸ ಕಂಡವನು ಅವನೊಬ್ಬನೇ. ವರ್ಷ ತುಂಬಿದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಇನ್ನು ಎರಡೇ ತಿಂಗಳು ಬಾಕಿ ಇದ್ದಾಗ ಅವನ ಪಾಳಿ ಮತ್ತೆ ಬಂತು.

"ಈ ಸಲ ಬ್ಯಾರೆ ಯಾರರ ಹೋಗ್ಲಿ ಅನ್ನಬೇಕಿತ್ತು" ಎಂದು ಹೆಂಡತಿ ಲಗಮವ್ವ ಕೋರ್ಟಿನ ಬಾಗಿಲ ಬಳಿ ಅಳುತ್ತಿದ್ದಳು.

"ನನ್ನ ಸಲುವಾಗಿ ಇನ್ನೊಬ್ಬ ಒದಿ ತಿನ್ನೋದು ಹೆಂಗ?" ಎಂದು ಪರಸಪ್ಪ ಒಳಗೆ ಬಂದ. ಠಾಣೆಗೆ ಹೋಗಿ ಒಪ್ಪಿಕೊಂಡು ಸೆರೆಯಾಗಿ ಆಗಲೇ ನಲವತ್ತು ದಿನವಾಗಿತ್ತು.

ಆರೋಪ ಓದಿದರು, ಪತ್ತೆಯಾಗದೆ ಉಳಿದಿದ್ದ ಹಳೆಯ ಕಳವು: ಹೋದ ಯುಗಾದಿಯ ದಿನ ಹತ್ತಿ ವ್ಯಾಪಾರಿಯ ಅಂಗಳದಿಂದ ನೀರೆತ್ತುವ ಮೋಟಾರು ಕದ್ದದ್ದು.

"ಹೌದ್ರಿ, ನಾನs ಕದ್ದೀನ್ರಿ" ಎಂದ. ದನಿ ಅಲುಗಲಿಲ್ಲ.

ಆಗ ಇದ್ದವರು ಒಬ್ಬ ಹೆಣ್ಣು ನ್ಯಾಯಾಧೀಶರು. ಕಾಗದ ತಿರುವಿ ಹಾಕಿ, ಹುಬ್ಬು ಗಂಟಿಕ್ಕಿ ಕೇಳಿದರು: "ಹೋದ ಯುಗಾದಿಗೆ ನೀನು ಎಲ್ಲಿದ್ದಿ?"

"ಜೈಲಿನ್ಯಾಗ ಇದ್ನಿರಿ ಅವ್ವಾರ. ಹೋಳಿಗಿ ಹಾಕಿದ್ರು."

ಕೋರ್ಟೆಲ್ಲ ನಕ್ಕಿತು. ಅವನನ್ನು ಕರೆತಂದಿದ್ದ ಪೊಲೀಸ್ ದಫೇದಾರ ಮಾತ್ರ ತಲೆ ತಗ್ಗಿಸಿದ. ಪಾಳಿ ಕಟ್ಟಿದವರೂ ದಿನ ನೋಡಿರಲಿಲ್ಲ, ಪೊಲೀಸರೂ ನೋಡಿರಲಿಲ್ಲ.

"ಮತ್ತೆ ಯಾಕೆ ಒಪ್ಪಿಕೊಂಡೆ?"

"ಪಾಳಿ ನಂದಿತ್ರಿ."

ಅವರು ನಗಲಿಲ್ಲ. ಪಾಳಿಯ ಕಥೆಯನ್ನೆಲ್ಲ ಕೇಳಿ ಬರೆಸಿಕೊಂಡರು, ಅವನನ್ನು ಬಿಟ್ಟರು, ಪೊಲೀಸರ ಮೇಲೆ ವಿಚಾರಣೆ ಆಗಲಿ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ವರ್ಷ ನಿಂತದ್ದೂ ಸಾರ್ಥಕ ಅನ್ನಿಸಿತು. ಮುಂದಿನ ತಿಂಗಳು ಅವರಿಗೆ ವರ್ಗವಾಯಿತು. ವಿಚಾರಣೆ ಏನಾಯಿತೋ ನಾನರಿಯೆ.

ಪರಸಪ್ಪ ಬಿಡುಗಡೆಯ ಕಾಗದ ಹಿಡಿದು ಪುರಸಭೆಗೆ ಹೋದನಂತೆ. ನಲವತ್ತು ದಿನ ಗೈರುಹಾಜರಾದವನ ಜಾಗಕ್ಕೆ ಬೇರೆಯವನು ಬಂದಿದ್ದ. ಕಾಗದ ಓದುವ ಗೋಜಿಗೂ ಹೋಗದೆ, "ಜೈಲು ಕಂಡವನ ಕೈಗೆ ಊರ ನೀರು ಕೊಡೋಕಾಗಲ್ಲಪ್ಪ" ಎಂದರಂತೆ. ಹೋಟೆಲಿನಲ್ಲಿ ಲೋಟ ತೊಳೆಯುವುದಕ್ಕೂ ಅವನನ್ನು ಯಾರೂ ಕರೆಯಲಿಲ್ಲ. ಇದನ್ನೆಲ್ಲ ಲಗಮವ್ವ ಬಾಗಿಲ ಬಳಿ ಹೇಳಿದ್ದು, ಎಂಟು ತಿಂಗಳಾದ ಮೇಲೆ, ಅವನು ಮತ್ತೆ ನನ್ನೊಳಗೆ ನಿಂತ ದಿನ.

ಪುರಸಭೆಯ ಉಗ್ರಾಣದಿಂದ ನಾಲ್ಕು ಹಿತ್ತಾಳೆ ನಲ್ಲಿ ಕಳುವಾಗಿದ್ದವು. ಈ ಸಲ ಅವನು ನನ್ನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಇದು ಪಾಳಿ ಅಲ್ರಿ ಸಾಹೇಬ್ರ. ಇದನ್ನ ನಾನು ಖರೇನ ಕದ್ದೀನಿ."

ಹೊಸ ನ್ಯಾಯಾಧೀಶರಿಗೆ ಪಾಳಿ ಎಂದರೇನೆಂದು ತಿಳಿಯಲಿಲ್ಲ. ಕೇಳಲೂ ಇಲ್ಲ. ಹಳೆಯ ಶಿಕ್ಷೆಯನ್ನೂ ಅಜ್ಜ, ಅಪ್ಪಂದಿರ ಹೆಸರನ್ನೂ ಸರ್ಕಾರಿ ವಕೀಲರು ಓದಿ ಹೇಳಿದರು. ಕಳ್ಳತನ ಇವನ ರಕ್ತದಲ್ಲೇ ಇದೆ ಎಂದರು. ಎರಡು ವರ್ಷ ಶಿಕ್ಷೆಯಾಯಿತು. ನನಗೆ ಕೂಗಬೇಕೆನ್ನಿಸಿತು, ಮರದ ಮಾತು ಯಾರಿಗೆ ಕೇಳಬೇಕು?

ಈಗ ಹೊಸ ಕಟ್ಟಡವಾಗಿದೆ. ನಾನು ಹಿಂದಿನ ಜಗಲಿಯಲ್ಲಿ ಮುರಿದ ಕುರ್ಚಿಗಳ ನಡುವೆ ಬಿದ್ದಿದ್ದೇನೆ. ದಣಿದಿದ್ದೇನೆ, ಗೆದ್ದಲು ಹತ್ತಿದೆ. ಆ ದಿನ ಪರಸಪ್ಪನ ಜೊತೆ ನಿಲ್ಲಬೇಕಾದವರು ಎಷ್ಟೊಂದು ಜನರಿದ್ದರು ಎಂದು ಲೆಕ್ಕ ಹಾಕುತ್ತೇನೆ: ಹೆಸರು ಬರೆದಿಟ್ಟವರು, ಚಚ್ಚಿದವರು, ಕೆಲಸ ಕಿತ್ತುಕೊಂಡವರು, ಬಾಗಿಲು ಹಾಕಿಕೊಂಡ ಊರಿನವರು. ಆದರೆ ನನ್ನನ್ನು ಮಾಡಿದ್ದೇ ಒಬ್ಬನು ನಿಲ್ಲುವಷ್ಟು ಅಳತೆಗೆ.